ಇಪ್ಪತ್ತಮೂರನೇ ಅಂಕಣ

ಒಂಬತ್ತು ವರ್ಷದ ಹಿಂದೆ ಇದಕ್ಕೆ ನಾನಿಟ್ಟ ಹೆಸರು
‘ಕೃತಿ ಹದಿನಾಲ್ಕು, ಸಂಖ್ಯೆ ಮೂರು’.
ಯಾವ ದೇವರು ಆ ಬುದ್ಧಿ ಕೊಟ್ಟಿದ್ದನೋ.
ಸತ್ತು ನೂರು ವರ್ಷವಾದವರು ಹಾಗೆ ಹೆಸರಿಡಬಹುದು;
ಲೂನೆನ್‌ಬರ್ಗಿನ ಹಡಗುಕಟ್ಟೆಯ ಹಿಂದಿನ ಬೀದಿಯಲ್ಲಿ
ಗಂಟೆಗೆ ಇಪ್ಪತ್ತೆಂಟು ಡಾಲರಿಗೆ ಪಿಯಾನೊ ಕಲಿಸುವ
ವರ್ನಾ ಜ್ವಿಕರ್ ಇಡಬಾರದು.

ಹುಡುಕುವವರು ಸಂಖ್ಯೆಯನ್ನು ಹುಡುಕುವುದಿಲ್ಲ.
ಬಲಗೈ ಮುರಿದ ಮಗನ ತಾಯಿ
ರಾತ್ರಿ ಹನ್ನೊಂದಕ್ಕೆ, ಫೋನಿನ ಬೆಳಕಿನಲ್ಲಿ, ಒಂದೇ ಬೆರಳಿಂದ
‘ಎಡಗೈ ಒಂದರಲ್ಲೇ ನುಡಿಸುವಂಥದ್ದು, ಸುಲಭ’
ಎಂದು ಒತ್ತುತ್ತಾಳೆ.
ನನ್ನ ಪುಟ ಮಾತ್ರ ಎಲೆಮರೆಯ ಕಾಯಿ
ಎಂದು ಬರೆದುಕೊಂಡರೆ ಜಂಬವಾದೀತು.
ಕಾಯಿಯೂ ಅಲ್ಲ, ಲೇಬಲ್ ಕಿತ್ತುಹೋದ ಡಬ್ಬಿ.
ಒಳಗೆ ಸಾರೋ, ಬಣ್ಣವೋ, ಯಾರು ತೆರೆದು ನೋಡುತ್ತಾರೆ?

ಫೆಬ್ರವರಿ. ಹೊರಗೆ ಹಿಮ ಗುಡಿಸುವ ಗಾಡಿ.
ಪಾಠಕ್ಕೆ ಯಾರೂ ಬರಲಿಲ್ಲ.
ನಲವತ್ತಮೂರು ಪುಟ ರಿಪೇರಿಗೆ ಕಾದಿವೆ.

ಮೊದಲು ಮುಖಪುಟ.
ಪಿಯಾನೊ ಪುಸ್ತಕದ ಮೇಲೆ ಪಿಟೀಲಿನ ಚಿತ್ರ!
ಆಗ ಬಿಟ್ಟಿ ಸಿಕ್ಕಿದ್ದು ಅದೊಂದೇ.
ತೆಗೆದು ನನ್ನದೇ ಎಡಗೈಯ ಫೋಟೋ ಹಾಕಿದೆ,
ಉಗುರು ಕತ್ತರಿಸಿ, ಉಂಗುರದ ಗುರುತು ಕಾಣದ ಹಾಗೆ ತಿರುಗಿಸಿ.

ಆಮೇಲೆ ವಿವರ. ಅಲ್ಲಿತ್ತು:
‘ವಿಷಾದದಿಂದ ಬೆಳಕಿನೆಡೆಗೊಂದು ಪಯಣ.’
ಅಳಿಸಿ, ಇದ್ದದ್ದು ಇದ್ದ ಹಾಗೆ ಬರೆದೆ:
ಎರಡು ಪುಟ. ಮೂರು ನಿಮಿಷ. ಎರಡನೇ ವರ್ಷದವರಿಗೆ.
ಹರವು ಸಣ್ಣದು, ಪುಟ್ಟ ಕೈಗೂ ಎಟುಕುತ್ತದೆ.
ದೋಣಿಯ ಹಗ್ಗಕ್ಕೆ ಸಿಕ್ಕಿ ಮಣಿಕಟ್ಟು ಮುರಿದ ಹುಡುಗನೊಬ್ಬ
ಆರು ವಾರ ಪಿಯಾನೊ ಮರೆಯದಿರಲೆಂದು ಬರೆದದ್ದು.
(ಡೋರಿ ನಿಕಲ್ ಪ್ಲಾಸ್ಟರ್ ಬಿಚ್ಚಿದ ಮರುದಿನವೇ
ಪಿಯಾನೊ ಬಿಟ್ಟ, ಐಸ್ ಹಾಕಿಗೆ ಸೇರಿದ. ಅದನ್ನು ಬರೆಯಲಿಲ್ಲ.)

ಬೆಲೆ ಮೂರೂವರೆ ಇತ್ತು. ಐದು ಮಾಡಿದೆ. ನಾಲ್ಕೂವರೆ ಮಾಡಿದೆ.
ಚಹಾ ಕುಡಿದು ಬಂದು ಮತ್ತೆ ಐದು.

ಇನ್ನು ಕೇಳಿಸಲು ಒಂದು ತುಣುಕು ಬೇಕು.
ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ನುಡಿಸತೊಡಗಿದೆ,
ನಾನೇ ಅಚ್ಚು ಹಾಕಿದ ಹಾಳೆ ನೋಡಿಕೊಂಡು.
ಇಪ್ಪತ್ತಮೂರನೇ ಅಂಕಣದಲ್ಲಿ ಕೈ ನಿಂತಿತು.
ಬಿ. ಬರೀ ಬಿ.
ಅದರ ಪಕ್ಕದ ಫ್ಲಾಟ್ ಎಲ್ಲಿ?
ಪೆನ್ಸಿಲ್ ಪ್ರತಿಯಲ್ಲಿದೆ, ದಪ್ಪಗೆ, ಎರಡು ಸಲ ತೀಡಿದ್ದು.
ಕಂಪ್ಯೂಟರಿಗೆ ಇಳಿಸುವಾಗ ಉದುರಿದೆ,
ಅಂಗಿಯ ಗುಂಡಿಯ ಹಾಗೆ, ಸದ್ದಿಲ್ಲದೆ.

ಒಂಬತ್ತು ವರ್ಷ, ಹನ್ನೊಂದು ಮಂದಿ
ದುಡ್ಡು ಕೊಟ್ಟು ಕೊಂಡು
ನನ್ನ ತಪ್ಪನ್ನು ಅಭ್ಯಾಸ ಮಾಡಿದ್ದಾರೆ,
ಮೆಟ್ರೊನೋಮ್ ಇಟ್ಟುಕೊಂಡು, ಶ್ರದ್ಧೆಯಿಂದ.
ಕಿವಿ ಕೆಂಪಾದವು.

ಪುಟದ ಕೆಳಗೆ ಒಬ್ಬನ ಅಭಿಪ್ರಾಯ, ಟಾಸ್ಮೇನಿಯಾದಿಂದ:
‘ಲಕ್ವ ಹೊಡೆದ ಮೇಲೆ ನನಗುಳಿದದ್ದು ಎಡಗೈ.
ಇಪ್ಪತ್ತಮೂರರಲ್ಲಿ ಯಾರೋ ಕಿಟಕಿ ತೆಗೆದ ಹಾಗಾಗುತ್ತದೆ.
ಪಿಟೀಲು ಯಾಕೆಂದು ತಿಳಿಯಲಿಲ್ಲ. ಮೂರು ನಕ್ಷತ್ರ.’
ನಾಲ್ಕು ವರ್ಷದಿಂದ ಅಲ್ಲೇ ಇತ್ತು.
ನಾನು ನಕ್ಷತ್ರವಷ್ಟೇ ಎಣಿಸಿದ್ದೆ.

ಫ್ಲಾಟ್ ಹಾಕಿ ನುಡಿಸಿದೆ. ತೆಗೆದು ನುಡಿಸಿದೆ.
ಹಾಕಿದರೆ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ, ನಾನು ಬಯಸಿದ್ದಂತೆ.
ತೆಗೆದರೆ, ಅವನು ಹೇಳಿದ್ದು ನಿಜ, ತಣ್ಣನೆ ಗಾಳಿ.
ತಪ್ಪು ಯಾವುದು ಒಪ್ಪು ಯಾವುದು
ಎಂದು ಹೇಳುವ ಹಕ್ಕು
ಮಾರಿದ ಮೇಲೂ ನನ್ನಲ್ಲೇ ಉಳಿದಿರುತ್ತದೆಯೇ?

ಕೊನೆಗೆ ಫ್ಲಾಟನ್ನು ಸಣ್ಣದು ಮಾಡಿ
ಸ್ವರದ ನೆತ್ತಿಯ ಮೇಲೆ, ಕಂಸದೊಳಗೆ ಕೂರಿಸಿದೆ.
ಚಳಿಯಾದವರು ಮುಚ್ಚಿಕೊಳ್ಳಲಿ.
ಹೆಸರು: ‘ಆರು ವಾರ. ಸುಲಭ ಪಿಯಾನೊ, ಎಡಗೈ ಮಾತ್ರ’.

ಗುಂಡಿ ಒತ್ತಿದೆ. ಹಳೆಯದು ಹೋಗಿ ಹೊಸದು ಕೂತಿತು.
ಕೊಂಡವರ ಲೆಕ್ಕ ಹನ್ನೊಂದರಲ್ಲೇ ಇತ್ತು.
ಹಿಮದ ಗಾಡಿ ಬೀದಿಯ ತುದಿಗೆ ಹೋಗಿ ತಿರುಗುತ್ತಿತ್ತು,
ಗುಡಿಸಿದಲ್ಲೇ ಮತ್ತೆ ಬೀಳುತ್ತಿತ್ತು.
ಮುಂದಿನದನ್ನು ತೆರೆದೆ:
ಕೃತಿ ಹದಿನಾಲ್ಕು, ಸಂಖ್ಯೆ ನಾಲ್ಕು.
ಇದರ ಮೇಲೆ ಕಹಳೆ.